ಸೆರೆಸಿಕ್ಕ ಹಡಗು ಯಾರ ಸ್ವತ್ತು?

ಹದಿನೇಳನೆಯ ಶತಮಾನದಲ್ಲಿ ಯೂರೋಪಿನ ರಾಜರಿಗೆ ಯುದ್ಧಗಳು ಅನೇಕವಿದ್ದವು. ಯುದ್ಧನೌಕೆಗಳು ಮಾತ್ರ ಸಾಲದಾಗಿದ್ದವು. ಆ ಕೊರತೆಯನ್ನು ತುಂಬಲು ಅವರು ಖಾಸಗಿ ಹಡಗುಗಳವರಿಗೆ ಶತ್ರುದೇಶದ ವ್ಯಾಪಾರಿ ಹಡಗುಗಳನ್ನು ಹಿಡಿಯುವ ಸನದನ್ನು ನೀಡುತ್ತಿದ್ದರು. ಸನದು ಪಡೆದವನು ರಾಜನ ಸೇವಕ; ಪಡೆಯದವನು ಕಡಲ್ಗಳ್ಳ. ಇಬ್ಬರ ಕೆಲಸವೂ ಹೆಚ್ಚುಕಡಮೆ ಒಂದೇ; ನಡುವೆ ಇದ್ದುದು ಒಂದು ಕಾಗದ.

ಆದರೆ ಸನದು ಇದ್ದ ಮಾತ್ರಕ್ಕೆ ಹಿಡಿದ ಹಡಗು ಹಿಡಿದವನ ಸ್ವತ್ತಾಗುತ್ತಿರಲಿಲ್ಲ. ಅದನ್ನು ಬಂದರಿಗೆ ತಂದು, ಕಾಗದಪತ್ರಗಳೊಡನೆ ನೌಕಾ ನ್ಯಾಯಾಲಯಕ್ಕೆ ಒಪ್ಪಿಸಬೇಕಾಗಿತ್ತು. ಅದು ಶತ್ರುವಿನದೆಂದು ತೀರ್ಪಾದರೆ ಹಡಗನ್ನೂ ಸರಕನ್ನೂ ಮಾರಿ ಹಣವನ್ನು ಹಂಚಿಕೊಳ್ಳಬಹುದಾಗಿತ್ತು. ಅಲ್ಲವೆಂದಾದರೆ ಒಡೆಯನಿಗೆ ಹಿಂದಿರುಗಿಸಬೇಕಾಗಿತ್ತು. ಈ ನಿಯಮದ ಮಹತ್ತ್ವವನ್ನು ವಿಲಿಯಂ ಕಿಡ್ ಎಂಬ ನಾವಿಕನ ಕಥೆ ತೋರಿಸಿಕೊಡುತ್ತದೆ.

ಇಂಗ್ಲೆಂಡಿನ ದೊರೆ ಮೂರನೆಯ ವಿಲಿಯಂ ಕಿಡ್‌ನಿಗೆ ಫ್ರೆಂಚರ ಹಡಗುಗಳನ್ನೂ ಕಡಲ್ಗಳ್ಳರನ್ನೂ ಹಿಡಿಯುವ ಅಧಿಕಾರ ಕೊಟ್ಟಿದ್ದನು. 1696ರಲ್ಲಿ ಕಿಡ್ ‘ಅಡ್ವೆಂಚರ್ ಗ್ಯಾಲಿ’ ಎಂಬ ಹಡಗಿನಲ್ಲಿ ಹೊರಟನು. ಅವನ ನಾವಿಕರಿಗೆ ಸಂಬಳವಿರಲಿಲ್ಲ; ಕೊಳ್ಳೆ ದೊರೆತರೆ ಮಾತ್ರ ಪಾಲು. 1697ರ ಸೆಪ್ಟೆಂಬರಿನಲ್ಲಿ ಅವನು ಕಾರವಾರಕ್ಕೆ ಬಂದಾಗ ಕೆಲವು ನಾವಿಕರು ಅವನನ್ನು ತೊರೆದು, ಅಲ್ಲಿಯ ಇಂಗ್ಲಿಷ್ ಕೋಠಿಯವರಿಗೆ ಅವನ ವಿಚಾರವನ್ನು ತಿಳಿಸಿದರು.

1698ರ ಜನವರಿಯಲ್ಲಿ ಮಲಬಾರಿನ ಕಡಲಿನಲ್ಲಿ ‘ಕ್ವೆಡಾ ಮರ್ಚೆಂಟ್’ ಎಂಬ ಹಡಗು ಅವನ ಕೈಗೆ ಸಿಕ್ಕಿತು. ಬಂಗಾಳದಿಂದ ಸೂರತ್ತಿಗೆ ಹೊರಟಿದ್ದ ಅದರಲ್ಲಿ ರೇಷ್ಮೆ, ಮಸ್ಲಿನ್, ಸಕ್ಕರೆ ಮೊದಲಾದ ಬೆಲೆಬಾಳುವ ಸರಕಿತ್ತು. ಅದರ ಕಪ್ತಾನ ಆಂಗ್ಲನು. ಸರಕು ಆರ್ಮೇನಿಯದ ವರ್ತಕರದು. ಮೊಗಲ್ ಆಸ್ಥಾನದ ಪ್ರಮುಖನೊಬ್ಬನ ಪಾಲೂ ಅದರಲ್ಲಿತ್ತು. ಕಿಡ್ ಫ್ರೆಂಚ್ ಧ್ವಜವನ್ನು ಹಾರಿಸಿ ಬಂದುದರಿಂದ ಹಡಗಿನವರು ತಮ್ಮ ಬಳಿಯಿದ್ದ ಫ್ರೆಂಚ್ ರಹದಾರಿಯನ್ನೇ ತೋರಿಸಿದರು. ಹಲವು ದೇಶಗಳ ರಹದಾರಿಗಳನ್ನು ಇಟ್ಟುಕೊಳ್ಳುವುದು ಆಗಿನ ವರ್ತಕರ ವಾಡಿಕೆ. ಆದರೆ ಆ ಕಾಗದವನ್ನೇ ಹಿಡಿದು ಕಿಡ್ ಹಡಗನ್ನು ವಶಪಡಿಸಿಕೊಂಡನು. ನ್ಯಾಯಾಲಯದ ತೀರ್ಪಿಗೆ ಕಾಯದೆ ಸರಕಿನ ಬಹುಭಾಗವನ್ನು ಕರಾವಳಿಯಲ್ಲಿಯೇ ಮಾರಿದನು.

ಈ ಸುದ್ದಿ ಮೊಗಲ್ ಆಸ್ಥಾನವನ್ನು ಕೆರಳಿಸಿತು. ತನ್ನ ವ್ಯಾಪಾರಕ್ಕೆ ಕುತ್ತು ಬಂದೀತೆಂದು ಈಸ್ಟ್ ಇಂಡಿಯಾ ಕಂಪನಿ ಕಳವಳಗೊಂಡಿತು. 1699ರಲ್ಲಿ ಬಾಸ್ಟನ್ನಿನಲ್ಲಿ ಸೆರೆಯಾದ ಕಿಡ್‌ನನ್ನು ಲಂಡನ್ನಿಗೆ ಒಯ್ದು, ಕಡಲ್ಗಳ್ಳತನಕ್ಕಾಗಿಯೂ ತನ್ನ ನಾವಿಕನೊಬ್ಬನ ಕೊಲೆಗಾಗಿಯೂ ವಿಚಾರಣೆ ನಡೆಸಿದರು. ಫ್ರೆಂಚ್ ರಹದಾರಿಗಳೇ ತನಗೆ ಆಧಾರವೆಂದು ಅವನು ಎಷ್ಟು ಮೊರೆಯಿಟ್ಟರೂ ಅವು ನ್ಯಾಯಾಲಯದ ಮುಂದೆ ಬರಲಿಲ್ಲ. 1701ರ ಮೇ 23ರಂದು ಅವನನ್ನು ಗಲ್ಲಿಗೇರಿಸಲಾಯಿತು. ಕಾಣೆಯಾಗಿದ್ದ ಆ ಕಾಗದಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ದಾಖಲೆಗಳ ನಡುವೆ ದೊರೆತವು.

ಹಾಗಾದರೆ ಕಿಡ್ ನಿರಪರಾಧಿಯೆ? ಹಾಗೆ ಹೇಳಲಾಗದು. ರಹದಾರಿ ಹಡಗನ್ನು ಹಿಡಿಯಲು ನೆಪವನ್ನು ಒದಗಿಸಿರಬಹುದು. ತೀರ್ಪಿಲ್ಲದೆ ಸರಕನ್ನು ಮಾರಲು ಅಪ್ಪಣೆಯನ್ನು ಕೊಟ್ಟಿರಲಿಲ್ಲ. ಆದರೆ ತನ್ನ ಆಧಾರಗಳನ್ನು ತೋರಿಸುವ ಅವಕಾಶವೇ ಇಲ್ಲದೆ ಅವನು ಸತ್ತನೆಂಬುದೂ ನಿಜ. ಅವನು ಕಾಗದದ ನಿಯಮವನ್ನು ಮೀರಿದನು. ಅವನನ್ನು ದಂಡಿಸಿದವರು ಕಾಗದವನ್ನೇ ಕಾಣದೆ ಹೋದರು. ಅವನಿಂದ ಮುಟ್ಟುಗೋಲು ಹಾಕಿಕೊಂಡ ಸ್ವತ್ತಿನ ಹಣವಾದರೂ ಸರಕಿನ ಒಡೆಯರ ಕೈಸೇರದೆ, ಗ್ರೀನಿಚ್ಚಿನ ನಾವಿಕರ ಆಸ್ಪತ್ರೆಗೆ ಸಂದಿತು.

1856ರಲ್ಲಿ ಪ್ಯಾರಿಸ್ಸಿನ ಘೋಷಣೆಯ ಮೂಲಕ ಬ್ರಿಟನ್, ಫ್ರಾನ್ಸ್ ಮೊದಲಾದ ರಾಷ್ಟ್ರಗಳು ಖಾಸಗಿಯವರಿಗೆ ಇಂತಹ ಸನದು ಕೊಡುವ ಪದ್ಧತಿಯನ್ನು ಕೈಬಿಟ್ಟವು. 2007ರಲ್ಲಿ ಡೊಮಿನಿಕನ್ ಗಣರಾಜ್ಯದ ಬಳಿ, ಆಳವಿಲ್ಲದ ಕಡಲಿನಲ್ಲಿ, ಕ್ವೆಡಾ ಮರ್ಚೆಂಟಿನ ಅವಶೇಷಗಳು ಪತ್ತೆಯಾದವು. ಬಲದಿಂದ ಪಡೆದುದೆಲ್ಲ ಹಕ್ಕಾಗುವುದಿಲ್ಲ. ವಿಚಾರಿಸಿ ಕೊಟ್ಟ ತೀರ್ಪೇ ಹಕ್ಕಿಗೆ ಆಧಾರ ಎಂಬುದನ್ನು ಆ ಹಡಗಿನ ಕಥೆ ಇಂದಿಗೂ ನೆನಪಿಸುತ್ತದೆ.