ಪಿಷ್ಟದ ಪೊಟ್ಟಣ, ರಾಗಿಯ ಸರಿ

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ರಾಗಿಯ ಸೀಮೆ. ಇಂಥ ಊರುಗಳ ಅಡುಗೆಮನೆಗೂ ಕಾರ್ನ್‌ಫ್ಲೋರ್ ಪೊಟ್ಟಣ ಬಂದು ಸೇರಿದೆ. ಇದು ಮುಸುಕಿನ ಜೋಳದ ಇಡೀ ಹಿಟ್ಟಲ್ಲ. ಕಾಳನ್ನು ನೆನೆಯಿಸಿ, ಅರೆದು, ಹೊಟ್ಟು, ಮೊಳಕೆ, ಸಸಾರಜನಕಗಳನ್ನು ಬೇರ್ಪಡಿಸಿ ಉಳಿಸಿಕೊಂಡ ಬಿಳಿಯ ಪಿಷ್ಟ. ಹಾಲುಬಾಯಿಗೆಂದು ರಾಗಿಯ ಹಾಲು ಹಿಂಡುವ ಕ್ರಮ ಇದರ ಬಂಧುವೇ.

ತಣ್ಣೀರಿನಲ್ಲಿ ಕದಡಿಯೇ ಇದನ್ನು ಕುದಿಯುವ ಸಾರಿಗೆ ಸುರಿಯಬೇಕು. ನೇರವಾಗಿ ಉದುರಿಸಿದರೆ ಹೊರಮೈ ಅಂಟಾಗಿ, ಒಳಗೆ ಹಸಿಹಿಟ್ಟಿನ ಗಂಟು ಉಳಿಯುತ್ತದೆ. ಅಂಬಲಿ ಕಾಯಿಸಬಲ್ಲ ಗೃಹಿಣಿಗೆ ಇದನ್ನು ನಾವು ಹೇಳಬೇಕೆ! ತೆಳ್ಳಗೆ ಕಾಯಿಸಿದರೆ ಹತ್ತಿಯ ಪಂಚೆ, ಸೀರೆಗಳಿಗೆ ಗಂಜಿಯೂ ಆಗುತ್ತದೆ.

ಆದರೆ ಎಳೆಯ ಮಗುವಿಗೆ ರಾಗಿ ಸರಿಯ ಬದಲು ಇದನ್ನು ಉಣಿಸುವುದನ್ನು ನಾವು ಒಪ್ಪಲಾರೆವು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವಿದೆ. ಈ ಪಿಷ್ಟದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಸಸಾರಜನಕವೂ ಹಾಗೆಯೇ. ಹೊಟ್ಟೆ ತುಂಬಿದ ಮಗು ಅಳುವುದಿಲ್ಲವಾದ್ದರಿಂದ ಈ ಕೊರತೆ ತಾಯಿಯ ಕಣ್ಣಿಗೆ ಬೇಗ ಬೀಳುವುದಿಲ್ಲ.