ಸೋತವರನ್ನೂ ಮನೆಗೆ ಕಳಿಸದ ಕೂಟ

ಬಹಾಮಾಸ್‌ಗೆ ಜನ ಹೋಗುವುದು ಕಡಲಿಗೆ, ಬಿಸಿಲಿಗೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳು ಮಾತ್ರ ನವೆಂಬರ್‌ನಲ್ಲಿ ಅಲ್ಲಿಗೆ ಹೋಗಿ ಕಿಟಕಿಯಿಲ್ಲದ ಹಾಲ್‌ನಲ್ಲಿ ಬೆವರು ಸುರಿಸುತ್ತವೆ. ಪ್ಯಾರಡೈಸ್ ದ್ವೀಪದ ಅಟ್ಲಾಂಟಿಸ್ ರೆಸಾರ್ಟ್‌ನ ಬಾಲ್‌ರೂಮಿಗೆ ಮರದ ಅಂಕಣ ಹಾಸಿ, ಸುತ್ತ ಗ್ಯಾಲರಿ ಕಟ್ಟಿ ನಡೆಸುವ ಈ ಆಹ್ವಾನಿತ ಕೂಟದ ಹೆಸರು ‘ಬ್ಯಾಟಲ್ ಫಾರ್ ಅಟ್ಲಾಂಟಿಸ್’. ಪುರುಷರದು ಶುರುವಾದದ್ದು 2011ರಲ್ಲಿ. ಮಹಿಳೆಯರಿಗೆ ಅದೇ ಅಂಕಣ ಸಿಗಲು 2021 ಬರಬೇಕಾಯಿತು; ಹತ್ತು ವರ್ಷ ತಡವಾದದ್ದಕ್ಕೆ ಒಳ್ಳೆಯ ಕಾರಣವೇನೂ ನನಗೆ ಕಾಣುವುದಿಲ್ಲ.

ಎಂಟು ತಂಡ, ಮೂರು ದಿನ. ಮೊದಲ ದಿನ ಸೋತವರು ಪೆಟ್ಟಿಗೆ ಕಟ್ಟುವಂತಿಲ್ಲ. ಸೋತವರೊಂದಿಗೇ ಆಡುತ್ತಾ ಐದರಿಂದ ಎಂಟನೇ ಸ್ಥಾನ ಇತ್ಯರ್ಥ ಮಾಡಿಕೊಳ್ಳಬೇಕು. ಹೀಗಾಗಿ ಎಲ್ಲರಿಗೂ ಮೂರು ಪಂದ್ಯ ಗ್ಯಾರಂಟಿ. ಕೋಚ್‌ಗಳಿಗೆ ಬೇಕಾದದ್ದೂ ಇದೇ. ಮಾರ್ಚ್‌ನ ರಾಷ್ಟ್ರೀಯ ಟೂರ್ನಿಗೆ ಮೊದಲು, ತವರಿನ ಪ್ರೇಕ್ಷಕರ ಬೆಂಬಲವಿಲ್ಲದ ಜಾಗದಲ್ಲಿ, ವಿಶ್ರಾಂತಿಯಿಲ್ಲದೆ ಬಲವಾದ ಎದುರಾಳಿಗಳನ್ನು ಎದುರಿಸುವ ಅವಕಾಶ ಸುಲಭಕ್ಕೆ ಸಿಗುವುದಿಲ್ಲ.

ಮೊದಲ ವರ್ಷವೇ ಗೆದ್ದದ್ದು ಹಾರ್ವರ್ಡ್. ಓದಿಗೆ ಹೆಸರಾದ, ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡದ ವಿಶ್ವವಿದ್ಯಾಲಯ! ಆ ಋತುವಿನಲ್ಲಿ ಅದು 1946ರ ನಂತರ ಮೊದಲ ಬಾರಿಗೆ ರಾಷ್ಟ್ರೀಯ ಟೂರ್ನಿಗೂ ಹೋಯಿತು. 2019ರಲ್ಲಿ ರ‍್ಯಾಂಕಿಂಗೇ ಇಲ್ಲದೆ ಬಂದ ಮಿಷಿಗನ್, ನಾರ್ತ್ ಕೆರೊಲೈನಾ ಮತ್ತು ಗೊನ್ಜಾಗಾವನ್ನು ಮಣಿಸಿ ಒಂದೇ ವಾರದಲ್ಲಿ ನಾಲ್ಕನೇ ಸ್ಥಾನಕ್ಕೆ ಹಾರಿತು.

ನನಗೆ ಹೆಚ್ಚು ರುಚಿಸುವುದು ಬಿದ್ದವರ ಕಥೆ. 2017ರಲ್ಲಿ ಎರಡನೇ ರ‍್ಯಾಂಕ್‌ನ ಅರಿಜೋನಾ ಬಂದಾಗ ತಂಡದಲ್ಲಿದ್ದವನು ಡಿಯಾಂಡ್ರೆ ಏಟನ್. ಸೇತುವೆಯಾಚೆಯ ನಸ್ಸಾವಿನ ಹುಡುಗ. ಮನೆಮಗ ಮನೆಗೆ ಬಂದ ಸಂಭ್ರಮ. ಆದರೆ ಅರಿಜೋನಾ ಮೂರಕ್ಕೆ ಮೂರೂ ಪಂದ್ಯ ಸೋತು ಎಂಟನೇ ಸ್ಥಾನಕ್ಕೆ ಇಳಿಯಿತು. ಅದೇ ತಂಡ ಮಾರ್ಚ್‌ನಲ್ಲಿ ತನ್ನ ಲೀಗ್‌ನ ಪ್ರಶಸ್ತಿ ಗೆದ್ದಿತು. ಏಟನ್ 2018ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಮೊದಲಿಗನಾಗಿ ಆಯ್ಕೆಯಾದ. ಅಂದರೆ ನವೆಂಬರ್‌ನ ಫಲಿತಾಂಶ ನೋಡಿ ಭವಿಷ್ಯ ಹೇಳಹೊರಟವರು ಮುಗ್ಗರಿಸಿದ್ದರು.

ಮಹಿಳೆಯರ ಮೊದಲ ಕೂಟ ಹಾಗಲ್ಲ. 2021ರ ಫೈನಲ್‌ನಲ್ಲಿ ಡಾನ್ ಸ್ಟೇಲಿ ತರಬೇತಿಯ ಸೌತ್ ಕೆರೊಲೈನಾ, ಕನೆಕ್ಟಿಕಟ್ ವಿಶ್ವವಿದ್ಯಾಲಯವನ್ನು 73–57ರಿಂದ ಸೋಲಿಸಿತು. ಕೊನೆಯ ಕ್ವಾರ್ಟರ್‌ನಲ್ಲಿ ಕನೆಕ್ಟಿಕಟ್‌ಗೆ ಸಿಕ್ಕಿದ್ದು ಬರೀ ಮೂರು ಪಾಯಿಂಟ್. ಅಂಥ ಡಿಫೆನ್ಸ್ ನೋಡಿದವರಿಗೆ ಮುಂದಿನದು ಅಚ್ಚರಿ ತಂದಿರಲಾರದು: 2022ರ ಏಪ್ರಿಲ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ಅವೇ ಎರಡು ತಂಡ ರಾಷ್ಟ್ರೀಯ ಫೈನಲ್ ಆಡಿದವು, 64–49ರಿಂದ ಗೆದ್ದದ್ದು ಮತ್ತೆ ಸೌತ್ ಕೆರೊಲೈನಾ. ಆ ಒಂದು ಹಣಾಹಣಿಯೇ ಮಹಿಳಾ ಕೂಟಕ್ಕೆ ಪುರುಷರ ಕೂಟದಷ್ಟೇ ತೂಕ ತಂದುಕೊಟ್ಟಿತು.

ನೋಡುವ ಆಸೆಯಿದ್ದವರಿಗೊಂದು ಮಾತು. ನವೆಂಬರ್‌ನಲ್ಲಿ ಬಹಾಮಾಸ್ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿನ ಸಂಜೆಯ ಆಟ ನಮಗೆ ಬೆಳಗಿನ ಜಾವ. ನಿದ್ದೆಗೆಟ್ಟು ನೋಡುವುದಾದರೆ ಫೈನಲ್ ಒಂದನ್ನೇ ನೋಡಬೇಡಿ, ಏಳನೇ ಸ್ಥಾನದ ಪಂದ್ಯವನ್ನೂ ನೋಡಿ.