ಮಕ್ಕಳ ಎಎಂಎಲ್: ರಿಪೋರ್ಟ್ ಕ್ಲೀನ್ ಬಂದ್ರೂ ಕೀಮೋ ಯಾಕೆ ನಿಲ್ಲಿಸಲ್ಲ?

ಈ ಎಪಿಸೋಡ್‌ನಲ್ಲಿ ಒಂದೇ ಪ್ರಶ್ನೆ. ಮಗುವಿಗೆ ಎಎಂಎಲ್, ಅಂದ್ರೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ. ಮೊದಲ ಸುತ್ತಿನ ಕೀಮೋ ಮುಗೀತು, ರಿಪೋರ್ಟ್‌ನಲ್ಲಿ 'ರೆಮಿಷನ್' ಅಂತ ಬಂತು. ಇನ್ನು ಚಿಕಿತ್ಸೆ ನಿಲ್ಲಿಸಬಹುದಾ?

ಇಲ್ಲ. ಯಾಕೆ ಅಂತ ನೋಡೋಣ.

ಇದು ಮೂಳೆಮಜ್ಜೆಯಲ್ಲಿ ಶುರುವಾಗುವ ರಕ್ತದ ಕ್ಯಾನ್ಸರ್. ಬಲಿಯದ ಕಣಗಳು, ಅಂದ್ರೆ ಬ್ಲಾಸ್ಟ್‌ಗಳು, ಅಲ್ಲಿ ತುಂಬಿಕೊಂಡು ಒಳ್ಳೆಯ ರಕ್ತಕಣಗಳಿಗೆ ಜಾಗವೇ ಇರಲ್ಲ. ಮಜ್ಜೆಯಲ್ಲಿ ಬ್ಲಾಸ್ಟ್ ಶೇ 5ಕ್ಕಿಂತ ಕಡಿಮೆಯಾಗಿ, ರಕ್ತಕಣಗಳ ಸಂಖ್ಯೆ ಚೇತರಿಸಿಕೊಂಡ್ರೆ ಅದು ರೆಮಿಷನ್. ಬಿ.ಕಾಂ. ಓದಿದ ನನಗೆ ಇದು ಅರ್ಥ ಆಗೋದು ಹೀಗೆ: ಸಾಲದ ಬಾಕಿ ತುಂಬಾ ಇಳಿದಿದೆ, ಖಾತೆ ಕ್ಲೋಸ್ ಆಗಿಲ್ಲ. ಕಣ್ಣಿಗೆ ಕಾಣದ ಬಾಕಿಗೂ ಬಡ್ಡಿ ಬೆಳೆಯುತ್ತೆ. ಈಗ ನಿಲ್ಲಿಸಿದ್ರೆ ಕಾಯಿಲೆ ವಾಪಸ್ ಬರೋದು ಹೆಚ್ಚುಕಡಿಮೆ ಖಚಿತ.

ಅದಕ್ಕೇ ಸಾಮಾನ್ಯವಾಗಿ 4ರಿಂದ 5 ಸುತ್ತು ಕೀಮೋ. ಸೈಟರಾಬಿನ್ ಮುಖ್ಯ ಔಷಧಿ, ಜೊತೆಗೆ ಡೌನೊರುಬಿಸಿನ್ ಥರದ್ದು. ಸುಮಾರು ಆರು ತಿಂಗಳು, ಬಹುಪಾಲು ಆಸ್ಪತ್ರೆಯಲ್ಲೇ. ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚಿರುವ ಮಕ್ಕಳಿಗೆ ಕಾಂಡಕೋಶ ಕಸಿ. ಅದಕ್ಕೆ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ಒಬ್ಬೊಬ್ಬರಿಗೆ ಶೇ 25 ಮಾತ್ರ.

ಫಲಿತಾಂಶ? ಸೌಲಭ್ಯ ಚೆನ್ನಾಗಿರುವ ದೇಶಗಳಲ್ಲಿ 10 ಮಕ್ಕಳಲ್ಲಿ 8–9 ಮಂದಿಗೆ ರೆಮಿಷನ್ ಸಿಗುತ್ತೆ. ಐದು ವರ್ಷ ದಾಟುವವರು ಸುಮಾರು 6–7 ಮಂದಿ. ಎಪಿಎಲ್ ಎಂಬ ಉಪಬಗೆಯಲ್ಲಿ ಶೇ 90ಕ್ಕೂ ಹೆಚ್ಚು ಮಕ್ಕಳು ಬದುಕುತ್ತಾರೆ. ಅದಕ್ಕೆ ಔಷಧಿ ವಿಟಮಿನ್ ಎ ಜಾತಿಯ ಒಂದು ಮಾತ್ರೆ, ಜೊತೆಗೆ ಆರ್ಸೆನಿಕ್. ಹೌದು, ಪಾಷಾಣವೇ!

ಭಾರತದಲ್ಲಿ ಇನ್ನೂ ಎರಡು ಕಷ್ಟ: ಸೋಂಕು, ಮತ್ತು ದುಡ್ಡು–ದೂರದ ಕಾರಣಕ್ಕೆ ಅರ್ಧಕ್ಕೇ ಬಿಡೋದು. ಪ್ರತಿ ಸುತ್ತಿನ ನಂತರ ಕೆಲವು ವಾರ ಮಗುವಿನ ಬಿಳಿ ರಕ್ತಕಣ ನೆಲಕಚ್ಚಿರುತ್ತೆ. ಆಗ ಜ್ವರ ಬಂದ್ರೆ 'ಬೆಳಗ್ಗೆ ನೋಡೋಣ' ಅನ್ನೋ ಹಾಗಿಲ್ಲ, ತಕ್ಷಣ ಆಸ್ಪತ್ರೆಗೆ. ದುಡ್ಡಿನ ಚಿಂತೆ ಇದ್ರೆ, ಚಿಕಿತ್ಸೆ ಬಿಡುವ ಮೊದಲು ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಯಲ್ಲಿ, ಆಯುಷ್ಮಾನ್ ಯೋಜನೆಯಲ್ಲಿ ವಿಚಾರಿಸಿ.

ಕೇಳ್ತಿರೋ ನೀವೂ ಒಂದು ಕೆಲಸ ಮಾಡಬಹುದು. ಈ ಮಕ್ಕಳಿಗೆ ಪದೇ ಪದೇ ಪ್ಲೇಟ್‌ಲೆಟ್ ಬೇಕು. ಸಂಗ್ರಹಿಸಿದ್ದು ಸಾಮಾನ್ಯವಾಗಿ 5 ದಿನ ಮಾತ್ರ ಬಾಳಿಕೆ, ಹಾಗಾಗಿ ಸ್ಟಾಕ್ ಇಟ್ಟುಕೊಳ್ಳೋಕೆ ಆಗಲ್ಲ. 18 ತುಂಬಿ ಆರೋಗ್ಯವಾಗಿದ್ರೆ, ಹತ್ತಿರದ ರಕ್ತನಿಧಿಯಲ್ಲಿ ಪ್ಲೇಟ್‌ಲೆಟ್ ದಾನಿ ಅಂತ ಹೆಸರು ಬರೆಸಿ. ಎರಡು ಗಂಟೆ ಕೆಲಸ, ಅಷ್ಟೇ. ಮುಂದಿನ ವಾರ ಸಿಗೋಣ.